ಪಿಟೀಲಿಗೂ ಜಾಗ, ಮಾತಿಗೂ ಜಾಗ

ಗಣಪತಿ ಹಬ್ಬದ ರಸಮಂಜರಿ ಕೇಳಿದವರಿಗೆಲ್ಲ ಇದು ಗೊತ್ತು. ಕೀಬೋರ್ಡ್‌ನವರು ‘ಸ್ಟ್ರಿಂಗ್ಸ್’ ಗುಂಡಿ ಒತ್ತಿದರೆಂದರೆ ಹಾಡುವವರ ಮಾತು ಮುಳುಗಿತು ಅಂತಲೇ ಲೆಕ್ಕ. ರಾಗ ಕೇಳಿಸುತ್ತದೆ, ಸಾಹಿತ್ಯ ಕೇಳಿಸುವುದಿಲ್ಲ. ಜನಕ್ಕೆ ಹೇಗೂ ಹಾಡು ಬಾಯಿಪಾಠ, ಯಾರೂ ತಕರಾರು ಮಾಡುವುದಿಲ್ಲ. ಆದರೆ ಹಾಡು ಹೊಸದಾಗಿದ್ದರೆ?

ಮಲೆಬೆನ್ನೂರಿನ ನಮ್ಮ ಮಹಡಿ ಕೋಣೆಗೆ ಈ ಪ್ರಶ್ನೆ ಬಂದದ್ದು ಗೆಳೆಯನೊಬ್ಬನ ಅಕ್ಕನ ಮದುವೆ ನೆಪದಲ್ಲಿ. ಅಕ್ಕನಿಗಾಗಿ ಅವನೇ ಹಾಡು ಬರೆದು ಹಾಡಿದ್ದ. ಗಿಟಾರ್, ಬೇಸ್, ಡ್ರಮ್ಸ್ ಹರಿಹರದ ಹುಡುಗರದು. ಮಿಕ್ಸಿಂಗ್ ನನ್ನ ಪಾಲಿಗೆ. ‘ಪಿಟೀಲು ಸಿನಿಮಾ ಹಾಡಿನಂಗೆ ಮೊಳಗಬೇಕು ನೋಡಲೇ’ ಅಂತ ಅವನ ಹಟ. ನನಗಿದ್ದದ್ದು ಅವನ ಅಪ್ಪನ ಚಿಂತೆ. 25 ವರ್ಷ ರೈಸ್‌ಮಿಲ್ಲಿನ ಸದ್ದಿನಲ್ಲಿ ದುಡಿದ ಅವರಿಗೆ ಕಿವಿ ಮಂದ. ಮಗಳ ಬಗ್ಗೆ ಮಗ ಬರೆದ ಮಾತು ಅವರಿಗೇ ತಲುಪದಿದ್ದರೆ ಆ ಹಾಡು ಯಾಕೆ?

ಯಂತ್ರಗಳ ಸದ್ದು ಕಿವಿಯನ್ನು ಕೆಡಿಸುವುದು ಸಾಮಾನ್ಯವಾಗಿ 4000 ಹರ್ಟ್ಸ್ ಆಸುಪಾಸಿನಿಂದ. ‘ಸ’ ಯಾವುದು, ‘ತ’ ಯಾವುದು, ‘ಚ’ ಯಾವುದು ಎಂದು ನಾವು ಗುರುತಿಸುವ ಸುಳಿವುಗಳು ಹೆಚ್ಚಾಗಿ ಇರುವುದೂ 2000 ಹರ್ಟ್ಸ್‌ನಿಂದ ಮೇಲೆ. ಕಮಾನು ತಂತಿಯ ಮೇಲೆ ಉಜ್ಜುವಾಗ ಬರುವ ಹೊಳಪೂ ಅಲ್ಲೇ ಇದೆ. ಒಂದೇ ಬಾಗಿಲಲ್ಲಿ ಎಲ್ಲರೂ ನುಗ್ಗಿದ ಹಾಗೆ. ಇಂಥ ಕಡೆ ದನಿಯನ್ನು ಏರಿಸುವುದು, ಆಮೇಲೆ ಪಿಟೀಲನ್ನು ಏರಿಸುವುದು, ಮತ್ತೆ ದನಿ... ಇದಕ್ಕೆ ಕೊನೆಯೇ ಇಲ್ಲ.

ಅವನಿಗೆ ಎರಡು ಹಾಡು ಕೇಳಿಸಿದೆ. ಮೊದಲನೆಯದು ಶಂಕರ್ ನಾಗ್ ಅವರ 1981ರ ‘ಗೀತಾ’ ಚಿತ್ರದ ‘ಜೊತೆಯಲಿ’. ಎಸ್ಪಿಬಿ, ಎಸ್. ಜಾನಕಿ ಹಾಡುವಷ್ಟು ಹೊತ್ತು ಇಳಯರಾಜ ಅವರ ಪಿಟೀಲುಗಳು ಮರ್ಯಾದೆಯಿಂದ ಹಿಂದೆ ಸರಿದಿರುತ್ತವೆ. ಅವರು ನಿಲ್ಲಿಸಿದ ಮೇಲೆ, ನಡುವಿನ ವಾದ್ಯಭಾಗದಲ್ಲಿ, ಅಂಗಳವೆಲ್ಲ ಅವುಗಳದೇ. ಎರಡನೆಯದು ಬೀಟಲ್ಸ್‌ನ 1966ರ ‘ಎಲಿನಾರ್ ರಿಗ್ಬಿ’. ನಾಲ್ಕು ವಯೊಲಿನ್, ಎರಡು ವಿಯೋಲ, ಎರಡು ಚೆಲ್ಲೊ, ಮೈಕ್ ತೀರಾ ಹತ್ತಿರ. ಆದರೂ ಮಾತು ಸ್ಪಷ್ಟ. ಯಾಕೆಂದರೆ ಅಲ್ಲಿ ಗಿಟಾರೂ ಇಲ್ಲ, ಡ್ರಮ್ಮೂ ಇಲ್ಲ. ಕಮಾನು ಚಿಕ್ಕ ಚಿಕ್ಕ ಏಟು ಹೊಡೆದು ನಡುವೆ ಸಂದು ಬಿಡುತ್ತದೆ. ಎರಡರಲ್ಲೂ ಅರ್ಧ ಮಿಕ್ಸಿಂಗ್ ಮುಗಿದಿರುವುದು ಸ್ವರ ಬರೆಯುವಾಗಲೇ.

ನಮ್ಮ ಹಾಡಿನಲ್ಲೂ ಮೊದಲು ಕೈ ಹಾಕಿದ್ದು ಸ್ವರಕ್ಕೆ. ಪಲ್ಲವಿಯಲ್ಲಿ ಪಿಟೀಲುಗಳಿಗೆ ಉದ್ದನೆಯ, ಅಲುಗಾಡದ ಸ್ವರ. ಸಾಲು ಮುಗಿದ ಕಡೆ ಮಾತ್ರ ಓಟ. ಚೆಲ್ಲೊ 65 ಹರ್ಟ್ಸ್‌ವರೆಗೂ ಇಳಿದು ಬೇಸ್ ಗಿಟಾರಿನ ಕಾಲು ತುಳಿಯುತ್ತದೆ, ಅದನ್ನು ಒಂದು ಸ್ಥಾಯಿ ಮೇಲೆತ್ತಿದೆವು.

ಕಂಪ್ಯೂಟರಿನ ಪಿಟೀಲುಗಳು ಅಚ್ಚುಕಟ್ಟು, ಆದರೆ ಜೀವ ಕಮ್ಮಿ. ದಾವಣಗೆರೆಯಿಂದ ಪಿಟೀಲು ಮೇಷ್ಟ್ರೊಬ್ಬರನ್ನು ಕರೆತಂದು ಅದೇ ಸಾಲನ್ನು ನಾಲ್ಕು ಸಲ ನುಡಿಸಿ, ಅದರ ಮೇಲೆ ಹೊದಿಸಿದೆವು. ಕರ್ನಾಟಕ ಸಂಗೀತದವರು ತಂತಿ ಕಟ್ಟುವುದು ಹಾಡುವವರ ಶ್ರುತಿಗೆ, ಸ-ಪ-ಸ-ಪ ಎಂದು. ಹುಡುಗರ ಗಿಟಾರು ಬೇರೆ ಲೆಕ್ಕದ್ದು. ಹೊಂದಿಸುವುದರಲ್ಲೇ ಒಂದು ಮಧ್ಯಾಹ್ನ ಹೋಯಿತು. ‘ಸಾರ್, ಗಮಕ ಬೇಡ, ಸ್ವರ ನೆಟ್ಟಗಿರಲಿ’ ಎಂದಾಗ ಮೇಷ್ಟ್ರು ನಕ್ಕು, ‘ಉಪ್ಪಿಲ್ಲದ ಸಾರು ಮಾಡು ಅಂತೀಯಲ್ಲಪ್ಪಾ’ ಅಂದರು. ಎರಡನೇ ಚರಣಕ್ಕೆ ಮುಂಚಿನ ಎಂಟು ಆವರ್ತ ಅವರಿಗೆ ಬಿಟ್ಟುಕೊಟ್ಟೆವು. ಹಾಡಿನಲ್ಲಿ ನನಗೆ ಅತಿ ಇಷ್ಟವಾದ ಜಾಗ ಅದು.

ಉಳಿದದ್ದು ಸಣ್ಣ ಕೆಲಸ. ದನಿ ಇರುವಾಗ ಪಿಟೀಲಿನ 2000ದಿಂದ 4000 ಹರ್ಟ್ಸ್ ಭಾಗವನ್ನು ಮೂರು ಡೆಸಿಬಲ್ ಇಳಿಸುವುದು, ದನಿ ನಿಂತಾಗ ವಾಪಸ್ ಬಿಡುವುದು. ಪಿಟೀಲಿಗೆ ದೊಡ್ಡ ಸಭಾಂಗಣದ ಪ್ರತಿಧ್ವನಿ, ದನಿಗೆ ತೀರಾ ಸ್ವಲ್ಪ. ಆಗ ಹಾಡುವವ ಎದುರಿಗೆ, ಪಿಟೀಲು ಅವನ ಬೆನ್ನ ಹಿಂದೆ. ಎಡ-ಬಲ ಹರಡಿದ್ದನ್ನೆಲ್ಲ ಒಂದೇ ಸ್ಪೀಕರಿನಲ್ಲೂ ಕೇಳಿ ನೋಡಬೇಕು, ಯಾಕೆಂದರೆ ನಮ್ಮೂರಲ್ಲಿ ಹಾಡು ಮೊದಲು ಕೇಳುವುದು ಮೊಬೈಲಿನಲ್ಲೇ.

ಅವನ ಅಪ್ಪನಿಗೂ ಮೊಬೈಲಿನಲ್ಲೇ ಕೇಳಿಸಿದ್ದು. ಪೂರ್ತಿ ಮುಗಿಯುವ ತನಕ ಸುಮ್ಮನಿದ್ದು, ‘ಶಾಲಿಗೆ ಹೋಗಾಕೆ ಅಳ್ತಿದ್ದಿದ್ದೂ ಬರ್ದೀಯಲ್ಲೋ’ ಅಂದರು. ಎರಡನೇ ಚರಣದ ಮೂರನೇ ಸಾಲು ಅದು. ಗೆಳೆಯ ನನ್ನ ಮುಖ ನೋಡಿದ. ಪಿಟೀಲು ಇನ್ನೊಂಚೂರು ಏರಿಸಬಹುದಿತ್ತು ಅನ್ನುವುದು ಅವನ ವಾದ ಇವತ್ತಿಗೂ. ಮದುವೆ ದಿನ ಡಿಜೆಯವರು ಬೇಸ್ ಏರಿಸಿ ಎಲ್ಲರನ್ನೂ ಮುಳುಗಿಸಿದ್ದು ಬೇರೆ ಮಾತು.