ತೊಗರಿ ಕಟ್ಟಿಗೆಯಿಂದ ಗೋಧಿ ಸಾಲಿನವರೆಗೆ

ಹೊಲ ಮುಟ್ಟಿದಾಗ ಬೆಳಗ್ಗೆ ಎಂಟು ದಾಟಿತ್ತು. ಧಾರವಾಡ ಸೀಮೆಯ ಎರೆ ಭೂಮಿ. ಜನವರಿಯ ಇಬ್ಬನಿ ಗೋಧಿ ಎಲೆಗಳ ಮೇಲೆ ಇನ್ನೂ ಆರಿರಲಿಲ್ಲ. ನಾನು ನೋಡಬಂದದ್ದು ಪೈರನ್ನು. ಯಜಮಾನರು ಮಾತ್ರ "ಮೊದಲ ಗುಂಡಿ ನೋಡೂಣ ಬರ್ರಿ, ಪೈರು ಎಲ್ಲಿ ಓಡಿ ಹೋಗ್ತೈತಿ" ಎಂದು ಮನೆಯ ಹಿಂಬದಿಗೆ ನಡೆದರು.

ಅಲ್ಲಿ ತೊಗರಿ ಕಟ್ಟಿಗೆಯ ದೊಡ್ಡ ರಾಶಿ. ಒಕ್ಕಣೆಯಾದ ಮೇಲೆ ಇದರಲ್ಲಿ ಅಷ್ಟಿಷ್ಟು ಒಲೆಗೆ ಹೋಗುತ್ತದೆ, ಮಿಕ್ಕದ್ದಕ್ಕೆ ಬದುವಿನಲ್ಲೇ ಬೆಂಕಿ. ಈ ಭಾಗದಲ್ಲಿ ಓಡಾಡಿದವರೆಲ್ಲ ಆ ಹೊಗೆ ಕಂಡವರೇ. ಇಲ್ಲಿ ರಾಶಿಯ ಪಕ್ಕ ಸೊಂಟದಾಳದ ಗುಂಡಿ ತೋಡಿದ್ದಾರೆ. ಬಾಯಿ ಅಗಲ, ತಳ ಕಿರಿದು.

ತಳದಲ್ಲಿ ಸಣ್ಣ ಬೆಂಕಿ ಹಚ್ಚಿದರು. ಕಟ್ಟಿಗೆಯ ಮೇಲೆ ಬೂದಿಯ ಬಿಳಿ ಕಾಣಿಸತೊಡಗಿದ ಕೂಡಲೇ ಮೇಲೆ ಇನ್ನೊಂದು ಪದರ, ಆಮೇಲೆ ಮತ್ತೊಂದು. ಮೇಲಿನ ಉರಿಯೇ ಗಾಳಿಯನ್ನೆಲ್ಲ ತಿಂದುಬಿಡುವುದರಿಂದ ಕೆಳಗಿನ ಕಟ್ಟಿಗೆಗೆ ಆಮ್ಲಜನಕ ಸಿಗದು. ಅದು ಬೂದಿಯಾಗದೆ ಬೆಂದು ಕಪ್ಪಾಗುತ್ತದೆ. ಕಣ್ಣುರಿಯಬಹುದೆಂದು ನಾನು ದೂರ ನಿಂತಿದ್ದೆ. ಹೊಗೆಯೂ ಆ ಉರಿಯಲ್ಲೇ ಸುಡುವುದರಿಂದ ಅಷ್ಟೇನೂ ಬರಲಿಲ್ಲ. ಗುಂಡಿ ತುಂಬಿದ ಮೇಲೆ ಕೊಡಗಟ್ಟಲೆ ನೀರು ಸುರಿದರು. ಹೀಗೆ ಉಳಿದ ಕಪ್ಪು ಕಟ್ಟಿಗೆಯನ್ನೇ ಪುಸ್ತಕದಲ್ಲಿ ಬಯೋಚಾರ್ ಎನ್ನುವುದು. ಇಲ್ಲಿ ಎಲ್ಲರ ಬಾಯಲ್ಲೂ ಬರೀ 'ಇದ್ದಲಿ'. ಒಣ ಕಟ್ಟಿಗೆಯ ತೂಕದಲ್ಲಿ ಸುಮಾರು ಕಾಲು ಭಾಗ ಉಳಿಯುತ್ತದೆ. ಹಾಗೇ ಬಿಟ್ಟರೆ ಕೊಳೆತು ಕೆಲವೇ ವರ್ಷಗಳಲ್ಲಿ ಗಾಳಿ ಸೇರುವ ಇಂಗಾಲ, ಈ ರೂಪದಲ್ಲಿ ನೂರಾರು ವರ್ಷ ಮಣ್ಣಿನಲ್ಲಿ ನಿಲ್ಲಬಲ್ಲದು.

ಅಲ್ಲಿಂದ ತಿಪ್ಪೆಗೆ. ಇದ್ದಿಲನ್ನು ನೇರ ಹೊಲಕ್ಕೆ ಏಕೆ ಹಾಕುವುದಿಲ್ಲ ಎಂದು ಕೇಳಿದೆ. "ಬರೇ ಇದ್ದಲಿ ಗೊಬ್ಬರ ಅಲ್ರಿ. ಖಾಲಿ ಮನಿ ಇದ್ದಂಗ. ಒಳಗ ಮಂದಿ ಬೇಕು." ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ವಿವರಿಸಿಲ್ಲ. ಹಸಿ ಇದ್ದಿಲು ತನ್ನ ಸಣ್ಣ ಸಣ್ಣ ರಂಧ್ರಗಳಿಗೆ ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು, ಮೊದಲ ಬೆಳೆಯನ್ನು ಬಿಳಿಚಿಸಬಹುದು. ಅದಕ್ಕೇ ಪುಡಿಮಾಡಿ ಕೊಟ್ಟಿಗೆ ಗೊಬ್ಬರ, ಎರೆಹುಳು ಗೊಬ್ಬರ, ಗಂಜಳದ ಜೊತೆ ಕಲಸಿ ತಿಂಗಳೊಪ್ಪತ್ತು ನೆನೆಯಲು ಬಿಡುತ್ತಾರೆ. ಒಂದು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಇರುವುದೇ ಸುಮಾರು 5 ಕಿಲೋ ಸಾರಜನಕ. ಅದೂ ಸೋರಿ ಹೋದರೆ ಹೊತ್ತು ಹಾಕಿದ ಶ್ರಮವೆಲ್ಲ ದಂಡ.

ಕೊನೆಗೆ ಗೋಧಿ. ಹುಗ್ಗಿಗೆ, ಮಾದಲಿಗೆ ಬಳಸುವ ಜವೆ ಗೋಧಿ. ತೆನೆ ಆಗತಾನೇ ಹೊರಬಂದಿತ್ತು. ಮೂರು ಪಟ್ಟಿಗಳು: ಒಂದಕ್ಕೆ ಏನೂ ಇಲ್ಲ, ಎರಡನೆಯದಕ್ಕೆ ಗೊಬ್ಬರ, ಮೂರನೆಯದಕ್ಕೆ ಗೊಬ್ಬರ ಮತ್ತು ಇದ್ದಿಲು. ಮೊದಲನೆಯದು ಕುಳ್ಳು, ತೆನೆಯೂ ವಿರಳ. ಉಳಿದೆರಡನ್ನು ನಡುವೆ ನಿಂತು ಬಹಳ ಹೊತ್ತು ನೋಡಿದೆ. ಮೂರನೆಯದು ತುಸು ದಟ್ಟ ಕಂಡಿತು. ಆದರೆ ಆ ಪಟ್ಟಿ ಇಳಿಜಾರಿನ ಕೆಳಗಿದೆ, ನೀರೂ ಹೆಚ್ಚು ನಿಲ್ಲುತ್ತದೆ. ಇದು ಇದ್ದಿಲಿನ ಗುಣವೋ ತಗ್ಗಿನ ಗುಣವೋ, ಕಣ್ಣಳತೆಯಲ್ಲಿ ನಾನು ಹೇಳಲಾರೆ. ರಾಶಿ ಮಾಡಿ ತೂಗಿದ ಮೇಲಷ್ಟೇ ಇಳುವರಿಯ ಮಾತು.

ಮಣ್ಣಿನ ವ್ಯತ್ಯಾಸ ಮಾತ್ರ ಕೈಗೇ ಸಿಕ್ಕಿತು. ಗುದ್ದಲಿಯಿಂದ ಎರಡು ಕಡೆ ಅಗೆದರು. ಗೊಬ್ಬರ ಕಾಣದ ಪಟ್ಟಿಯಲ್ಲಿ ಬೆರಳು ಇಳಿಯುವಷ್ಟು ಬಿರುಕು, ಹೆಂಟೆ ಕಲ್ಲಿನಂತೆ. ಮೂರನೆಯದರಲ್ಲಿ ಬಿರುಕು ಸಣ್ಣದು, ಮಣ್ಣು ಹಿಡಿದರೆ ಪುಡಿಯಾಗುತ್ತಿತ್ತು, ಬೇರುಗಳಿಗೆ ಇದ್ದಿಲ ಚೂರುಗಳು ಅಂಟಿದ್ದವು. ಬಿತ್ತಿ ಇಪ್ಪತ್ತೊಂದನೆಯ ದಿನದ ಆಸುಪಾಸಿನಲ್ಲಿ ಗೋಧಿ ಮುಖ್ಯ ಬೇರು ಬಿಡುತ್ತದೆ. ಆಗ ತೇವ ತಪ್ಪಿದರೆ ಮರಿ ಒಡೆಯುವುದು ಕಡಿಮೆ. ಆ ಹೊತ್ತಿನಲ್ಲಿ ಇಂಥ ಮಣ್ಣು ಆಸರೆಯಾದೀತು ಎನಿಸಿತು.

ಒಂದು ಎಚ್ಚರಿಕೆಯನ್ನು ಅವರೇ ಹೇಳಿದರು. ಎರೆ ಮಣ್ಣು ಮೊದಲೇ ಕ್ಷಾರ, ಇದ್ದಿಲೂ ಸಾಮಾನ್ಯವಾಗಿ ಕ್ಷಾರ. ಮಲೆನಾಡಿನ ಹುಳಿ ಮಣ್ಣಿಗೆ ಒಗ್ಗುವಷ್ಟು ಧಾರಾಳವಾಗಿ ಇಲ್ಲಿ ಸುರಿಯುವಂತಿಲ್ಲ.

ತೊಗರಿ ಒಕ್ಕಣೆ ಮುಗಿಸಿದವರು ರಾಶಿಗೆ ಕಡ್ಡಿ ಗೀರುವ ಮುನ್ನ ಒಂದು ಗುಂಡಿ ತೋಡಿ. ಮಣ್ಣು ಪರೀಕ್ಷೆ ಮಾಡಿಸಿ, ಮೊದಲ ವರ್ಷ ಎರಡು ಗುಂಟೆಗಷ್ಟೇ ಹಾಕಿ ನೋಡಿ; ಪಕ್ಕದಲ್ಲಿ, ಅದೇ ಮಟ್ಟದ ನೆಲದಲ್ಲಿ, ಇದ್ದಿಲು ಹಾಕದ ಒಂದು ಪಟ್ಟಿಯನ್ನೂ ಬಿಡಿ.