ಅಪವರ್ತನ ರೂಪದ ವರ್ಗಾವಣ ಫಲನವನ್ನು ಗಣಕಯಂತ್ರಕ್ಕೆ ಒಪ್ಪಿಸುವ ಕ್ರಮ

ತುಂಗಭದ್ರಾ ಎಡದಂಡೆ ಕಾಲುವೆಯು 227 ಕಿಲೋಮೀಟರು ಹರಿದು ಸಿಂಧನೂರು, ಮಸ್ಕಿ ಸೀಮೆಗಳ ಹೊಲಗಳಿಗೆ ನೀರುಣಿಸುತ್ತದೆ. ಲಿಂಗಸುಗೂರು ತಾಲ್ಲೂಕಿಗೆ ನಾರಾಯಣಪುರ ಬಲದಂಡೆ ಕಾಲುವೆಯ ನೆರವುಂಟು. ಮೇಲಿನ ಬಾಗಿಲನ್ನೆತ್ತಿದರೆ ಕೆಳಗಣ ನೀರಿನ ಮಟ್ಟ ಹೇಗೆ ಬದಲಾಗುವುದೆಂಬುದನ್ನು ಮೊದಲೇ ತಿಳಿಯಲು ನಿಯಂತ್ರಣಶಾಸ್ತ್ರವು ವರ್ಗಾವಣ ಫಲನವನ್ನು ಬಳಸುತ್ತದೆ.

ಕಾಲುವೆಯ ಒಂದು ಖಂಡವನ್ನು ನಿದರ್ಶನಕ್ಕಾಗಿ ಹೀಗೆ ಕಲ್ಪಿಸೋಣ. ಕಾಲವನ್ನು ನಿಮಿಷಗಳಲ್ಲಿ ಎಣಿಸಿ, ಲಾಪ್ಲಾಸ್ ಚರವನ್ನು 'ಸ' ಎನ್ನೋಣ:

1 / [ಸ (2ಸ + 1)(5ಸ + 1)]

ಇಲ್ಲಿ (2ಸ + 1) ಬಾಗಿಲಿನ ಯಂತ್ರದ ನಿಧಾನವನ್ನೂ, (5ಸ + 1) ಹರಿವಿನ ನಿಧಾನವನ್ನೂ, ಒಂಟಿ 'ಸ' ನೀರಿನ ಶೇಖರಣೆಯನ್ನೂ ಸೂಚಿಸುತ್ತವೆ.

ಮ್ಯಾಟ್‌ಲ್ಯಾಬ್, ಆಕ್ಟೇವ್ ಮುಂತಾದ ತಂತ್ರಾಂಶಗಳಿಗೆ ಇದನ್ನು ಎರಡು ಬಗೆಯಲ್ಲಿ ನೀಡಬಹುದು. ಮೊದಲನೆಯದು ಸಹಗುಣಕಗಳ ಸಾಲು. ಪ್ರತಿಯೊಂದು ಅಪವರ್ತನವನ್ನೂ [1 0], [2 1], [5 1] ಎಂದು ಬರೆದು 'ಕಾನ್ವ್' ಎಂಬ ಆಜ್ಞೆಯಿಂದ ಎರಡೆರಡಾಗಿ ಗುಣಿಸಿದರೆ ಛೇದವು [10 7 1 0] ಆಗುತ್ತದೆ. ಕೊನೆಯ ಸೊನ್ನೆಯನ್ನು ನಿರರ್ಥಕವೆಂದು ಬಿಡತಕ್ಕದ್ದಲ್ಲ. ಅದನ್ನು ಬಿಟ್ಟರೆ ಶೇಖರಣೆಯ 'ಸ'ವೇ ಅಳಿದು, ಗಣಕದ ಪರದೆಯ ಮೇಲೆ ನೀರಿನ ಮಟ್ಟ ತಾನಾಗಿಯೇ ಸ್ಥಿರಗೊಳ್ಳುತ್ತದೆ. ನಿಜವಾದ ಖಂಡದಲ್ಲಾದರೋ, ಒಳಹರಿವು ಹೊರಹರಿವನ್ನು ಮೀರಿರುವಷ್ಟು ಕಾಲವೂ ಮಟ್ಟವು ಏರುತ್ತಲೇ ಹೋಗಿ ದಂಡೆಯನ್ನು ಮೀರಬಹುದು.

ಎರಡನೆಯದು ಶೂನ್ಯ, ಧ್ರುವ ಹಾಗೂ ಗುಣಕಗಳನ್ನು ಕೇಳುವ 'ಝಡ್‌ಪಿಕೆ' ಆಜ್ಞೆ. ಇಲ್ಲಿ ಶೂನ್ಯಗಳಿಲ್ಲ, ಧ್ರುವಗಳು 0, -0.5, -0.2. ಗುಣಕವನ್ನು 1 ಎಂದು ಬರೆಯುವುದೇ ವಿದ್ಯಾರ್ಥಿಗಳು ಸುಲಭವಾಗಿ ಬೀಳುವ ತಪ್ಪು. ಈ ಆಜ್ಞೆಯು ಅಪವರ್ತನಗಳನ್ನು (ಸ + 0.5), (ಸ + 0.2) ಎಂದು ಗ್ರಹಿಸುವುದರಿಂದ 2 ಮತ್ತು 5ರ ಗುಣಲಬ್ಧವನ್ನು ಹೊರತೆಗೆದು ಗುಣಕವನ್ನು 0.1 ಎಂದೇ ಬರೆಯಬೇಕು. ಇಲ್ಲವಾದರೆ ಉತ್ತರವು ಹತ್ತುಪಟ್ಟು ಹೆಚ್ಚುತ್ತದೆ.

ತಾಳೆನೋಡಲು ಸುಲಭೋಪಾಯವೊಂದುಂಟು. 'ಸ'ದ ಸ್ಥಾನದಲ್ಲಿ 2ನ್ನು ಇಡಿರಿ. ಅಪವರ್ತನ ರೂಪದ ಛೇದ 2 × 5 × 11 = 110; ವಿಸ್ತೃತ ರೂಪದಲ್ಲಿ 80 + 28 + 2 = 110. ಸೊನ್ನೆ ಬಿಟ್ಟುಹೋಗಿದ್ದರೆ 55 ಮಾತ್ರ ದೊರೆಯುತ್ತದೆ. 1ನ್ನು ಇಟ್ಟು ಪರೀಕ್ಷಿಸುವುದು ಸಾಲದು. ಆಗ ತಪ್ಪಿಗೂ ಒಪ್ಪಿಗೂ 18 ಎಂಬ ಒಂದೇ ಉತ್ತರ ಬರುತ್ತದೆ.

ಯಂತ್ರವು ತನಗೆ ಕೊಟ್ಟ ಫಲನವನ್ನು ಬಿಡಿಸುತ್ತದೆಯೇ ಹೊರತು ನಮ್ಮ ಮನಸ್ಸಿನಲ್ಲಿದ್ದುದನ್ನಲ್ಲ. ಆದುದರಿಂದ ಅನುಕರಣವನ್ನು ಆರಂಭಿಸುವ ಮುನ್ನ ಕಾಗದದ ಮೇಲೆ ಈ ಒಂದು ಸಾಲಿನ ಲೆಕ್ಕವನ್ನು ಮಾಡುವ ಅಭ್ಯಾಸವನ್ನು ಅಧ್ಯಾಪಕರು ವಿದ್ಯಾರ್ಥಿಗಳಲ್ಲಿ ಬೆಳೆಸುವುದು ಅವಶ್ಯಕ.