ಎಂಜಿನ್ ಹೊಸದು, ತಂತಿ ಹಳೆಯದು

ಮಲೆನಾಡಿನ ತೋಟದ ಮನೆಗಳಲ್ಲಿ ಜೀಪಿಗೆ ಮುಪ್ಪು ಬಂದರೂ ಅದನ್ನು ಗುಜರಿಗೆ ಹಾಕಲು ಸುಲಭವಾಗಿ ಮನಸ್ಸು ಬರುವುದಿಲ್ಲ. ಅಡಕೆಯ ಮೂಟೆಗಳನ್ನು ಮಂಡಿಗೆ ಹೊತ್ತದ್ದು ಅದು. ಮದುವೆಯ ದಿಬ್ಬಣವನ್ನು ಕರೆತಂದದ್ದು ಅದು. ಮಳೆಗಾಲದ ನಡುರಾತ್ರಿಯಲ್ಲಿ ತುಂಬು ಗರ್ಭಿಣಿಯನ್ನು ಆಸ್ಪತ್ರೆಗೆ ಮುಟ್ಟಿಸಿದ್ದೂ ಅದೇ. ಮೈ ಇನ್ನೂ ಗಟ್ಟಿಯಾಗಿರುವಾಗ ಸವೆದ ಎಂಜಿನ್ನೊಂದನ್ನು ಬದಲಾಯಿಸಿದರೆ ಸಾಲದೆ ಎಂದು ಮನೆಯ ಯಜಮಾನರು ಯೋಚಿಸುವುದು ಸಹಜ.

ಶಿವಮೊಗ್ಗದ ಮೋಟಾರು ಮೇಸ್ತ್ರಿಗಳಿಗೆ ಈ ಕೆಲಸ ಹೊಸದಲ್ಲ. ಅಲ್ಲಿಂದ ಸುಮಾರು 20 ಕಿಲೋಮೀಟರು ದೂರದ ಭದ್ರಾವತಿಯಂತೂ ಕಬ್ಬಿಣದ ಊರು. ಹಿಂದೆ ಬೆಂಕಿಪುರವೆನಿಸಿದ್ದ ಅಲ್ಲಿ 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಉತ್ಪಾದನೆಗೆ ತೊಡಗಿತು. ಅಂತಹ ಊರಿನಲ್ಲಿ ಲೇತಿನ ಕೆಲಸಕ್ಕೆ, ಬೆಸುಗೆಗೆ ಬರವಿಲ್ಲ. ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ ಬೇಕಾದ ತಟ್ಟೆಯನ್ನು ಕೊರೆಯುವುದು, ಹೊಸ ಆಧಾರಗಳನ್ನು ಚಾಸಿಗೆ ಬೆಸೆಯುವುದು ಕಣ್ಣಿಗೆ ಕಾಣುವ ಕೆಲಸ. ತಪ್ಪಿದರೆ ಒಡನೆಯೇ ತಿಳಿಯುತ್ತದೆ. ಕಾಣದ ಕೆಲಸವೆಂದರೆ ವಿದ್ಯುತ್ತಿನದು. ಎಂಜಿನ್ ಬದಲಾಯಿಸಿದ ಹಳೆಯ ಗಾಡಿಗಳನ್ನು ಕಾಡುವ ತೊಂದರೆಗಳಲ್ಲಿ ಬಹುಪಾಲು ಹುಟ್ಟುವುದು ಅಲ್ಲಿಯೇ.

ಗ್ಯಾರೇಜಿನಿಂದ ಗರ್ಜಿಸುತ್ತ ಹೊರಬಂದ ಗಾಡಿ ವಾರ ಕಳೆಯುವುದರೊಳಗೆ ಮುಂಜಾನೆ ಸೆಲ್ಫ್ ಹೊಡೆಯಲೊಲ್ಲದು. ಹೆಡ್‌ಲೈಟು ಎಣ್ಣೆ ತೀರಿದ ಹಣತೆಯಂತೆ ಮಂಕಾಗುತ್ತದೆ. ಮೊದಲು ಬ್ಯಾಟರಿಯ ಮೇಲೆ ಅನುಮಾನ ಬರುತ್ತದೆ, ಹೊಸದು ಬರುತ್ತದೆ. ತೊಂದರೆ ಹೋಗುವುದಿಲ್ಲ. ಆಮೇಲೆ ಆಲ್ಟರ್ನೇಟರ್, ಅದರ ಹಿಂದೆಯೇ ಸೆಲ್ಫ್ ಮೋಟಾರು. ತಿಂಗಳ ಸಂಬಳದ ದೊಡ್ಡ ಪಾಲು ಅಂಗಡಿಗೆ ಸಂದಾಯವಾದ ಮೇಲೂ ಗಾಡಿ ನಿಂತಲ್ಲೇ ನಿಂತಿರುತ್ತದೆ.

ಎರಡು ಕಾಲದ ಕೂಡಾವಳಿ

ಈ ಗೋಳಿನ ಮೂಲ ತಿಳಿಯಬೇಕಾದರೆ ಗಾಡಿಯ ಚರಿತ್ರೆಯನ್ನು ತುಸು ನೋಡಬೇಕು. ಭಾರತದಲ್ಲಿ ಮೊದಲ ವಿಲ್ಲಿಸ್ ಜೀಪನ್ನು ಮಹೀಂದ್ರ ಕಂಪನಿ ಜೋಡಿಸಿದ್ದು 1949ರಲ್ಲಿ. ಅದು ಪೆಟ್ರೋಲಿನ ಗಾಡಿ. ಎರಡನೆಯ ಮಹಾಯುದ್ಧದ ಸೈನ್ಯದ ಜೀಪುಗಳಲ್ಲಿದ್ದುದು 6 ವೋಲ್ಟಿನ ಬ್ಯಾಟರಿ ಮಾತ್ರ. ಡೀಸೆಲ್ ಎಂಜಿನ್ನಿಗಾಗಿ ಮಹೀಂದ್ರ ಕಂಪನಿ ಫ್ರಾನ್ಸಿನ ಪ್ಯೂಜೋ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡದ್ದು 1979ರಲ್ಲಿ. ಒಂದು ಕಾಲದ ದೇಹಕ್ಕೆ ಇನ್ನೊಂದು ಕಾಲದ ಎಂಜಿನ್ ಕೂರಿಸಿದಾಗ ಇಂಧನವೊಂದೇ ಬದಲಾಗುವುದಿಲ್ಲ. ವಿದ್ಯುತ್ತಿನ ಲೆಕ್ಕವೆಲ್ಲ ಬದಲಾಗುತ್ತದೆ.

ಹಳೆಯ ಪೆಟ್ರೋಲ್ ಎಂಜಿನ್ ತಾನು ಒಳಗೆಳೆದುಕೊಂಡದ್ದನ್ನು ಸುಮಾರು ಏಳರಲ್ಲಿ ಒಂದು ಪಾಲಿಗೆ ಒತ್ತಿದರೆ, ಡೀಸೆಲ್ ಎಂಜಿನ್ ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಅದನ್ನು ತಿರುಗಿಸಲು ಸೆಲ್ಫ್ ಮೋಟಾರು ಕ್ಷಣಕಾಲ ನೂರಾರು ಆಂಪಿಯರುಗಳನ್ನು ಬೇಡುತ್ತದೆ. ಚಳಿಯಲ್ಲಿ ಎಂಜಿನ್ನನ್ನು ಬೆಚ್ಚಗಾಗಿಸುವ ನಾಲ್ಕು ಹೀಟರ್ ಪ್ಲಗ್ಗುಗಳಿಗೆ ಹತ್ತಾರು ಆಂಪಿಯರು ಬೇಕು. ಈ ಹೊರೆಯನ್ನು ಪೆಟ್ರೋಲ್ ಕಾಲದ ಸಣ್ಣ ತಂತಿಯ ಮೇಲೆ ಹೊರಿಸಿದರೆ ಅದು ಬಿಸಿಯಾಗಿ, ಹೊದಿಕೆ ಕರಗಿ, ಕೊನೆಗೆ ಹೊತ್ತಿಕೊಳ್ಳಬಹುದು. ಹೀಟರ್ ಪ್ಲಗ್ಗಿಗೆ ದಪ್ಪ ತಂತಿ, ರಿಲೇ, ಫ್ಯೂಸ್ ಮೂರೂ ಇರಲೇಬೇಕು. ಹಳೆಯ ಅಮ್ಮೀಟರು ಸಹ ಡೈನಮೋವಿನ ಕಾಲಕ್ಕೆ, 30 ಆಂಪಿಯರಿನಷ್ಟಕ್ಕೆ, ಮಾಡಿದ್ದು. 50 ಆಂಪಿಯರಿಗೂ ಮಿಕ್ಕಿ ಉತ್ಪಾದಿಸುವ ಆಲ್ಟರ್ನೇಟರಿನ ಪ್ರವಾಹವನ್ನು ಅದರ ಮೂಲಕ ಹರಿಸುವುದು ಅಪಾಯಕರ.

ಬ್ರಿಟಿಷ್ ಮಾದರಿಯ ಹಳೆಯ ಕಾರುಗಳಲ್ಲಿ ಇನ್ನೊಂದು ತೊಡಕಿದೆ. ಅವುಗಳಲ್ಲಿ ಅನೇಕವು ಬ್ಯಾಟರಿಯ ಧನಧ್ರುವವನ್ನೇ ಚಾಸಿಗೆ ಜೋಡಿಸಿದಂಥವು. ಇಂದಿನ ಆಲ್ಟರ್ನೇಟರುಗಳಲ್ಲಿ ಚಾಸಿಗೆ ಸೇರಬೇಕಾದದ್ದು ಋಣಧ್ರುವ. ಇದನ್ನು ಗಮನಿಸದೆ ತಂತಿ ಕೊಟ್ಟರೆ ಅದರೊಳಗಿನ ಡಯೋಡುಗಳು ಒಂದೇ ಕ್ಷಣದಲ್ಲಿ ಸುಟ್ಟುಹೋಗುತ್ತವೆ.

ಮರಳುವ ದಾರಿ

ಅಡಕೆ ಹೊತ್ತ ಗಾಡಿ ಶಿವಮೊಗ್ಗದ ಮಂಡಿಗೆ ಹೋಗಿ ಊರಿಗೆ ಮರಳಲೇಬೇಕಷ್ಟೆ. ವಿದ್ಯುತ್ತೂ ಹಾಗೆಯೇ: ಬ್ಯಾಟರಿಯಿಂದ ಹೊರಟದ್ದು ಬ್ಯಾಟರಿಗೆ ಮರಳಿದರೆ ಮಾತ್ರ ಕೆಲಸ. ಮೋಟಾರು ಗಾಡಿಯಲ್ಲಿ ಹೋಗುವ ದಾರಿ ತಂತಿ. ಮರಳುವ ದಾರಿ ಚಾಸಿಯ ಲೋಹ. ಆದರೆ ಎಂಜಿನ್ ಕೂರುವುದು ರಬ್ಬರಿನ ಮೇಲೆ. ರಬ್ಬರಿನ ಮೂಲಕ ವಿದ್ಯುತ್ ಹರಿಯದು. ಆದ್ದರಿಂದಲೇ ಎಂಜಿನ್ನಿಗೂ ಚಾಸಿಗೂ ತಾಮ್ರದ ಹೆಣಿಗೆಯ ಒಂದು ಪಟ್ಟಿಯನ್ನು ಬಿಗಿಯುತ್ತಾರೆ. ಮೇಸ್ತ್ರಿಗಳು ಇದನ್ನು ಅರ್ತಿಂಗ್ ಪಟ್ಟಿ ಎನ್ನುತ್ತಾರೆ. ಎಂಜಿನ್ ಇಳಿಸುವಾಗ ಬಿಚ್ಚಿ, ಏರಿಸಿದ ಮೇಲೆ ಮರೆಯುವ ವಸ್ತು ಬಹುತೇಕ ಇದೇ.

ಸೇತುವೆ ಮುರಿದ ದಾರಿಯಲ್ಲಿ ಗಾಡಿಗಳು ಗದ್ದೆಗಿಳಿಯುವಂತೆ, ಪಟ್ಟಿಯಿಲ್ಲದಾಗ ಪ್ರವಾಹವು ಆಕ್ಸಿಲರೇಟರಿನ ಕೇಬಲನ್ನೋ ಸ್ಪೀಡೋಮೀಟರಿನ ಕೇಬಲನ್ನೋ ಹಿಡಿಯುತ್ತದೆ. ಸೆಲ್ಫ್ ಹೊಡೆದಾಗಲೆಲ್ಲ ಅದು ಕಾಯುತ್ತದೆ. ಹೊದಿಕೆ ಕರಗಿ ಆಕ್ಸಿಲರೇಟರು ಸಿಕ್ಕಿಕೊಳ್ಳುವುದೂ ಉಂಟು. ಆಗುಂಬೆಯ ಘಾಟಿಯ ತಿರುವಿನಲ್ಲಿ ಹಾಗಾದರೆ ಗತಿಯೇನೆಂದು ಹೇಳಬೇಕಾಗಿಲ್ಲ.

ಪಟ್ಟಿ ಇದ್ದರೂ ಸಾಲದು. ಅದು ಹೊಳೆಯುವ ಲೋಹವನ್ನು ಮುಟ್ಟಬೇಕು. ಹೊಸದಾಗಿ ಬಳಿದ ಬಣ್ಣ, ತುಕ್ಕು, ಜಿಡ್ಡು, ಎಲ್ಲವೂ ತಡೆಗಳೇ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ತಾಮ್ರ ಹಸಿರುಗಟ್ಟಲು ಹೆಚ್ಚು ಕಾಲ ಬೇಡ. ಸಂಪರ್ಕದಲ್ಲಿ ಓಮಿನ ನೂರರಲ್ಲೊಂದು ಪಾಲು ತಡೆ ಉಳಿದರೂ 300 ಆಂಪಿಯರು ಹರಿಯುವಾಗ 3 ವೋಲ್ಟು ಅಲ್ಲೇ ಕಳೆದುಹೋಗುತ್ತದೆ. ಸೆಲ್ಫ್ ನಿಧಾನವಾಗಿ ಮುಲುಗುತ್ತದೆ. ನಿರಪರಾಧಿಯಾದ ಬ್ಯಾಟರಿಗೆ ಶಿಕ್ಷೆಯಾಗುತ್ತದೆ.

ಪುಟ್ಟ ದೀಪ, ಸುಳ್ಳು ಮುಳ್ಳು

ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ದೀಪವನ್ನು ಅಲಂಕಾರವೆಂದು ಬಗೆದು ಕೆಲವರು ಕೈಬಿಡುತ್ತಾರೆ. ಅನೇಕ ಆಲ್ಟರ್ನೇಟರುಗಳಿಗೆ ಎಚ್ಚರಗೊಳ್ಳಲು ಬೇಕಾದ ಮೊದಲ ಪ್ರವಾಹ ದೊರೆಯುವುದೇ ಆ ದೀಪದ ಮೂಲಕ. ದೀಪ ಸುಟ್ಟಿದ್ದರೆ ಆಲ್ಟರ್ನೇಟರು ನಿದ್ದೆಯಲ್ಲೇ ತಿರುಗುತ್ತಿರುತ್ತದೆ. ಚಾವಿ ತಿರುವಿದಾಗ ದೀಪ ಹೊತ್ತಬೇಕು, ಎಂಜಿನ್ ಹಿಡಿದೊಡನೆ ಆರಬೇಕು. ಇನ್ನು ಆಲ್ಟರ್ನೇಟರಿನೊಳಗೇ ರೆಗ್ಯುಲೇಟರ್ ಇದ್ದರೆ ಡೈನಮೋವಿನ ಹಳೆಯ ಕಟೌಟ್ ಪೆಟ್ಟಿಗೆಗೆ ಅಲ್ಲಿ ಕೆಲಸವಿಲ್ಲ. ಅದನ್ನು ಮಾರ್ಗದಿಂದ ತೆಗೆಯಬೇಕು.

ಶಾಖದ ಗೇಜಿನದು ಮತ್ತೊಂದು ಕಥೆ. ಮುಳ್ಳು ಹಳೆಯದು, ಎಂಜಿನ್ನಿಗೆ ತಿರುಪಿದ ಸೆನ್ಸರು ಹೊಸದು. ಎರಡಕ್ಕೂ ಹೊಂದಿಕೆಯಿಲ್ಲದಿದ್ದರೆ ತಣ್ಣಗಿರುವ ಎಂಜಿನ್ ಕುದಿಯುತ್ತಿರುವಂತೆ ಕಾಣಬಹುದು. ಕುದಿಯುವುದು ತಣ್ಣಗಿರುವಂತೆ ಕಂಡರೆ ಎಂಜಿನ್ನಿಗೇ ಮೃತ್ಯು. ಸೆನ್ಸರನ್ನು ಬಿಚ್ಚಿ, ಅದರ ಲೋಹದ ಮೈಯನ್ನು ತಂತಿಯಿಂದ ಚಾಸಿಗೆ ಜೋಡಿಸಿ, ತುದಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಳಿಬಿಟ್ಟು, ಮುಳ್ಳನ್ನು ಥರ್ಮಾಮೀಟರಿನೊಡನೆ ಹೋಲಿಸಿ ನೋಡಿದರೆ ಸತ್ಯ ಹೊರಬೀಳುತ್ತದೆ.

ಮೊದಲು ಅಳತೆ, ಆಮೇಲೆ ಖರೀದಿ

ಪರೀಕ್ಷೆಗೆ ಒಂದು ಸಾಧಾರಣ ಮಲ್ಟಿಮೀಟರು ಸಾಕು. ರಾತ್ರಿಯೆಲ್ಲ ವಿಶ್ರಮಿಸಿದ, ಪೂರ್ಣ ಚಾರ್ಜಾದ 12 ವೋಲ್ಟಿನ ಬ್ಯಾಟರಿ ಸುಮಾರು 12.6 ವೋಲ್ಟು ತೋರಬೇಕು. ಎಂಜಿನ್ ಓಡುತ್ತಿರುವಾಗ 13.8ರಿಂದ 14.4ರವರೆಗೆ ಏರಬೇಕು. ಏರದಿದ್ದರೆ ಚಾರ್ಜಿಂಗ್ ಇಲ್ಲ. 15ನ್ನು ದಾಟಿದರೆ ರೆಗ್ಯುಲೇಟರು ಕೆಟ್ಟಿದೆ, ಬ್ಯಾಟರಿ ಬೇಗನೆ ಹಾಳಾಗುತ್ತದೆ.

ಬಳಿಕ ಮೀಟರನ್ನು ವೋಲ್ಟಿನಲ್ಲೇ ಇಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ಋಣಧ್ರುವಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಒತ್ತಿ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಬೇಕು. ಗೇರು ನ್ಯೂಟ್ರಲ್ಲಿನಲ್ಲಿರಲಿ, ಹ್ಯಾಂಡ್‌ಬ್ರೇಕು ಎಳೆದಿರಲಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ದೋಷ ಮರಳುವ ದಾರಿಯಲ್ಲಿದೆ. ಉಜ್ಜುವ ಕಾಗದ ಮತ್ತು ಒಂದು ಹೊಸ ಪಟ್ಟಿಯಿಂದ ಮುಗಿಯುವ ಕೆಲಸ!

ರಾತ್ರಿ ನಿಂತಲ್ಲೇ ಬ್ಯಾಟರಿ ಬರಿದಾಗುವುದಾದರೆ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಋಣಧ್ರುವದ ತಂತಿ ಬಿಚ್ಚಿ, ಮೀಟರನ್ನು ಆಂಪಿಯರಿನ ಸ್ಥಾನಕ್ಕೆ ತಿರುಗಿಸಿ ನಡುವೆ ಸೇರಿಸಬೇಕು. ಗಡಿಯಾರ, ರೇಡಿಯೋ ಇಲ್ಲದ ಹಳೆಯ ಜೀಪಿನಲ್ಲಿ ಏನೂ ಹರಿಯಬಾರದು. ಹರಿದರೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡುವುದು. ಯಾವುದನ್ನು ಕಿತ್ತಾಗ ಹರಿವು ನಿಲ್ಲುವುದೋ ಅಲ್ಲಿದ್ದಾನೆ ಕಳ್ಳ. ಮೀಟರು ಹೀಗೆ ನಡುವೆ ಇರುವಾಗ ಸೆಲ್ಫ್ ಹೊಡೆದರೆ ಮೀಟರೇ ಸುಡುತ್ತದೆಂಬುದು ನೆನಪಿರಲಿ.

ತಂತಿಗಳಷ್ಟೇ ಮುಖ್ಯವಾದದ್ದು ಕಾಗದ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಎಂಜಿನ್ ಬದಲಾವಣೆಗೂ ಅನ್ವಯಿಸುತ್ತದೆ. ನೋಂದಣಿ ಪತ್ರದಲ್ಲಿರುವ ಎಂಜಿನ್ ಸಂಖ್ಯೆಯೇ ಬೇರೆ, ಗಾಡಿಯಲ್ಲಿರುವುದೇ ಬೇರೆ ಎಂದಾದರೆ ಅಪಘಾತದ ದಿನ ವಿಮೆಗೂ ತೊಡಕು. ಆದಕಾರಣ ಎಂಜಿನ್ ಕೊಳ್ಳುವ ಮೊದಲೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ಅನುಮತಿ ಪಡೆಯುವುದು ಕ್ಷೇಮ.

ಎಂಜಿನ್ನಿಗೆ ಸಾವಿರಾರು ರೂಪಾಯಿ ಸುರಿಯುವವರು ವೈರಿಂಗಿನ ಮಾತು ಬಂದಾಗ ಹಳೆಯದೇ ಸಾಕೆನ್ನುತ್ತಾರೆ. ಹೊಸ ಎಂಜಿನ್ನಿನ ಖರ್ಚಿನ ಪಟ್ಟಿಯಲ್ಲಿ ಹೊಸ ತಂತಿ, ಫ್ಯೂಸು, ಅರ್ತಿಂಗ್ ಪಟ್ಟಿಗಳೂ ಮೊದಲೇ ಸೇರಿರಬೇಕು. ಗಾಡಿಯನ್ನು ಮನೆಗೆ ತರುವ ಮುನ್ನ ಆ ಪಟ್ಟಿ ಎಲ್ಲಿ ಬಿಗಿದಿದೆ ತೋರಿಸಿರೆಂದು ಮೇಸ್ತ್ರಿಯನ್ನು ಒಂದು ಮಾತು ಕೇಳಿದರೆ ಯಾರಿಗೂ ನಷ್ಟವಿಲ್ಲ.